ಬೇಕಲದ ಮುರಕಲ್ಲಿನ ಮೇಲೆ ಯಾರಿಗೆ ಜಾಗ?

2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತು. ಅದರಲ್ಲಿ 640 ಕಂಟೈನರುಗಳಿದ್ದವು. ಕೆಲವೇ ದಿನಗಳಲ್ಲಿ ಸಣ್ಣ ಸಣ್ಣ ಬಿಳಿ ಪ್ಲಾಸ್ಟಿಕ್ ಮಣಿಗಳು ಕೊಲ್ಲಂ, ತಿರುವನಂತಪುರದ ಮರಳಿನ ಮೇಲೆ ರಾಶಿ ಬಿದ್ದವು. ನಮ್ಮ ಕಾಸರಗೋಡಿನ ಕಡೆ ಆಗ ಒಂದೇ ಚಿಂತೆ. ಇಲ್ಲಿಗೂ ಬರುತ್ತಾ? ಆದರೆ ಮಣಿಗಳ ಹೆಚ್ಚಿನ ಪಾಲು ತೆಂಕು ದಿಕ್ಕಿಗೇ ಹೋಯಿತು. ಅದಕ್ಕೆ ಕಾರಣ ಉಂಟು. ಮಳೆಗಾಲದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಸಮುದ್ರದ ನೀರು ಬಡಗಿನಿಂದ ತೆಂಕಿಗೆ ಹರಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಅದೇ ನೀರು ತಿರುಗಿ ತೆಂಕಿನಿಂದ ಬಡಗಿಗೆ ಹರಿಯುತ್ತದೆ. ಆ ಹಡಗು ಡಿಸೆಂಬರ್‌ನಲ್ಲಿ ಮುಳುಗಿದ್ದರೆ ನಾವು ನಮ್ಮ ಮರಳಿನಲ್ಲಿ ಮಣಿ ಹೆಕ್ಕಬೇಕಾಗುತ್ತಿತ್ತೋ ಏನೋ.

ಆ ಮಣಿಗಳ ಹಾಗೆಯೇ ನೀರು ಎಳೆದತ್ತ ಹೋಗುವ ಜೀವ ಒಂದಿದೆ. ಅದು ಪಚ್ಚಿಲೆಯ ಮರಿ. ಮಲಯಾಳದವರು ಕಲ್ಲುಮ್ಮಕ್ಕಾಯ ಎನ್ನುವ, ತುಳುವರು ಪಚ್ಚಿಲೆ ಎನ್ನುವ ಹಸಿರು ಅಂಚಿನ ಚಿಪ್ಪಿನ ಜೀವಿ ನಮಗೆಲ್ಲ ಗೊತ್ತು. ಬಂಡೆಗೆ ಅಂಟಿಕೊಂಡು ಕೂತಿದ್ದನ್ನೇ ನಾವು ನೋಡಿರುತ್ತೇವೆ. ಆದರೆ ಅದರ ಬಾಲ್ಯ ಬಂಡೆಯ ಮೇಲೆ ಕಳೆಯುವುದಿಲ್ಲ. ತಾಯಿ ಮೊಟ್ಟೆಯನ್ನೂ ಗಂಡು ಬೀಜವನ್ನೂ ನೀರಿಗೇ ಬಿಡುತ್ತವೆ. ಅಲ್ಲಿ ಹುಟ್ಟಿದ ಮರಿ ಎರಡು ಮೂರು ವಾರ ತೇಲುತ್ತಲೇ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಆ ವಾರಗಳ ಕೊನೆಗೆ ಅದಕ್ಕೆ ಗಟ್ಟಿ ಆಸರೆ ಸಿಗಬೇಕು. ಸಿಗದಿದ್ದರೆ ಅದರ ಕಥೆ ಮುಗಿಯಿತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಕಾಸರಗೋಡಿನ ತೆಂಕು ಭಾಗದ ಪಡನ್ನ, ಚೆರುವತ್ತೂರು, ಕವ್ವಾಯಿ ಹಿನ್ನೀರಿನ ಕಡೆ ವರ್ಷ ವರ್ಷ ಕೇಳಿಬರುವ ಪ್ರಶ್ನೆಯ ಬುಡ ಇಲ್ಲಿದೆ. ಅಲ್ಲಿ 1990ರ ದಶಕದ ನಡುವಿನಿಂದ ಪಚ್ಚಿಲೆ ಕೃಷಿ ನಡೆಯುತ್ತಿದೆ. ನೂರಾರು ಹೆಂಗಸರು ಸ್ವಸಹಾಯ ಗುಂಪು ಕಟ್ಟಿಕೊಂಡು ಅದನ್ನು ಮಾಡುತ್ತಾರೆ. ಬಿದಿರಿನ ಕಂಬ ನೆಟ್ಟು, ಅಡ್ಡ ಕಟ್ಟಿ, ಹಗ್ಗ ಇಳಿಬಿಡುತ್ತಾರೆ. ಹಗ್ಗದ ಸುತ್ತ ಪಚ್ಚಿಲೆಯ ಮರಿಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಹೊಲಿಯುತ್ತಾರೆ. ಮರಿಗಳು ಹಗ್ಗಕ್ಕೆ ಹಿಡಿದುಕೊಳ್ಳುವ ಹೊತ್ತಿಗೆ ಬಟ್ಟೆ ಕೊಳೆತು ಹೋಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಕಟ್ಟಿದರೆ ಐದಾರು ತಿಂಗಳಲ್ಲಿ ಕೊಯ್ಲು. ಇಷ್ಟಕ್ಕೆಲ್ಲ ಬೇಕಾದ ಬಿತ್ತು, ಅಂದರೆ ಮರಿ, ಬರುವುದು ಬಹುಮಟ್ಟಿಗೆ ಕಡಲ ಬಂಡೆಗಳಿಂದಲೇ. ಕೆಲವು ವರ್ಷ ಬಂಡೆಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಮರಿ. ಕೆಲವು ವರ್ಷ ಬೋಳು ಬಂಡೆ. ಯಾಕೆ ಹೀಗೆ?

ಸಾಮಾನ್ಯವಾಗಿ ಬರುವ ಉತ್ತರ, "ಎಲ್ಲ ಕಿತ್ತು ಖಾಲಿ ಮಾಡಿದರು". ಅದರಲ್ಲಿ ನಿಜವಿದೆ. ಹೆಚ್ಚು ಕಿತ್ತರೆ ಮುಂದಿನ ಪೀಳಿಗೆಗೆ ತಾಯಿ ಉಳಿಯುವುದಿಲ್ಲ. ಆದರೆ ಕೀಳುವವರ ಕೈಯನ್ನು ಮಾತ್ರ ನೋಡುತ್ತಾ ಕೂತರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಬಂಡೆಯ ಮೇಲೆ ಯಾರು, ಎಷ್ಟು, ಎಲ್ಲಿ ಇರಬೇಕು ಎಂಬುದನ್ನು ಬಂಡೆಗಿಂತ ಹೆಚ್ಚಾಗಿ ಅದರ ಎದುರಿನ ಸಮುದ್ರ ತೀರ್ಮಾನಿಸುತ್ತದೆ.

ಇಳಿತದ ಹೊತ್ತಿಗೆ ಬೇಕಲ ಕೋಟೆಯ ಬುಡಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಎಂದು ಎಲ್ಲರೂ ಮೇಲೆ ಹತ್ತುತ್ತಾರೆ. ಕೆಳಗೆ ನೋಡುವವರು ಕಮ್ಮಿ. ಅಲೆಯ ತುಂತುರು ಮಾತ್ರ ತಾಗುವ ಮೇಲಿನ ಭಾಗದಲ್ಲಿ ಮೆಣಸಿನಕಾಳಿನಷ್ಟು ಸಣ್ಣ ಬಸವನಹುಳುಗಳು ಬಿರುಕಿನಲ್ಲಿ ಗುಂಪು ಕೂಡಿ ಕೂತಿರುತ್ತವೆ. ಅದರ ಕೆಳಗೆ ಕಾಲಿಗೆ ಚುಚ್ಚುವ, ಪುಟ್ಟ ಗೋಪುರದಂಥ ಬೂದು ಚಿಪ್ಪುಗಳು. ಇವು ಬಾರ್ನಕಲ್‌ಗಳು. ನೋಡಲು ಚಿಪ್ಪಿ, ವಂಶದಲ್ಲಿ ಸಿಗಡಿ, ಏಡಿಯ ನೆಂಟರು. ಇನ್ನೂ ಕೆಳಗೆ ಬಂಡೆಗೆ ಒಂದು ಮಗ್ಗುಲು ಅಂಟಿದ ಸಿಂಪಿಗಳು, ಟೋಪಿಯ ಹಾಗಿನ ಲಿಂಪೆಟ್‌ಗಳು. ಅದಕ್ಕೂ ಕೆಳಗೆ, ನೀರು ಪೂರ್ತಿ ಬಿಟ್ಟುಹೋಗುವುದು ಅಪರೂಪವಾದ ಕಡೆ ಪಚ್ಚಿಲೆ, ಪಾಚಿ. ಯಾರೋ ಗೆರೆ ಎಳೆದು ಜಾಗ ಹಂಚಿದ ಹಾಗೆ.

ಈ ಗೆರೆಗಳನ್ನು ಯಾರು ಎಳೆಯುತ್ತಾರೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದ್ದು ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದಲ್ಲಿ. ಜೀವಶಾಸ್ತ್ರಜ್ಞ ಜೋಸೆಫ್ ಕಾನೆಲ್ ಅಲ್ಲಿನ ಬಂಡೆಗಳ ಮೇಲೆ ಎರಡು ಜಾತಿಯ ಬಾರ್ನಕಲ್‌ಗಳನ್ನು ಗಮನಿಸಿದರು. ಒಂದು ಮೇಲೆ, ಇನ್ನೊಂದು ಕೆಳಗೆ. ಕೆಳಗಿನದನ್ನು ಕೆರೆದು ತೆಗೆದಾಗ ಮೇಲಿನದು ಕೆಳಗೂ ಹಾಯಾಗಿ ಬದುಕಿತು. ಅಂದರೆ ಅದಕ್ಕೆ ಕೆಳಗಿನ ಜಾಗ ಒಗ್ಗದೆ ಇದ್ದದ್ದಲ್ಲ, ಅಲ್ಲಿದ್ದ ಬಲಿಷ್ಠರು ಬಿಡುತ್ತಿರಲಿಲ್ಲ. ಆ ಬಲಿಷ್ಠರಿಗೆ ಮೇಲೆ ಹತ್ತಲು ಆಗದು, ಅಲ್ಲಿ ಒಣಗಿ ಸಾಯುತ್ತಾರೆ. 1961ರಲ್ಲಿ ಪ್ರಕಟವಾದ ಈ ಕೆಲಸದಿಂದ ಒಂದು ಸರಳ ಸೂತ್ರ ಹುಟ್ಟಿತು. ಮೇಲಿನ ಗಡಿ ಬಿಸಿಲು ಮತ್ತು ಒಣಗುವಿಕೆಯದ್ದು, ಕೆಳಗಿನ ಗಡಿ ನೆರೆಹೊರೆಯವರದ್ದು. ಐದು ವರ್ಷ ಕಳೆದು ರಾಬರ್ಟ್ ಪೇನ್ ಅಮೆರಿಕದ ವಾಷಿಂಗ್ಟನ್ ಕರಾವಳಿಯ ಕೆಲಸವನ್ನು ಪ್ರಕಟಿಸಿದರು. ಒಂದು ಜಾತಿಯ ನಕ್ಷತ್ರಮೀನನ್ನು ಬಂಡೆಯಿಂದ ತೆಗೆಯುತ್ತಾ ಹೋದರೆ 15 ಜಾತಿಗಳಿದ್ದ ಕಡೆ 8 ಉಳಿದವು. ತಿನ್ನುವ ನಕ್ಷತ್ರಮೀನು ಇಲ್ಲದೆ ಪಚ್ಚಿಲೆಯ ಜಾತಿಯವೇ ಎಲ್ಲ ಜಾಗ ನುಂಗಿದವು.

ಈ ಸೂತ್ರ ಚೆನ್ನಾಗಿದೆ. ಆದರೆ ಅದರಲ್ಲಿ ಸಮುದ್ರವೇ ಇಲ್ಲ, ಅಲ್ವಾ? ನೀರು ಬರುತ್ತದೆ, ಹೋಗುತ್ತದೆ, ಅಷ್ಟೇ. ಎಂಥ ನೀರು, ಯಾವ ಹೊತ್ತಿಗೆ, ಏನನ್ನು ಹೊತ್ತು ತರುತ್ತದೆ ಎಂಬ ಪ್ರಶ್ನೆಗಳು ಆಮೇಲೆ ಬಂದವು. ನಮಗೆ ಹೆಚ್ಚು ಬೇಕಾದವು ಅವೇ.

ಮೊದಲು ಹೊತ್ತಿನ ವಿಷಯ. ಬಿಸಿಲಿಗೆ ಸಾಯುವುದು ಎಂದರೆ ಬಿಸಿಲಿನ ಹೊತ್ತಿನಲ್ಲಿ ನೀರು ಇಲ್ಲದಿರುವುದು. ರಾತ್ರಿ ನೀರು ಇಳಿದರೆ ಪಚ್ಚಿಲೆಗೆ ತೊಂದರೆಯಿಲ್ಲ, ಬಾಯಿ ಮುಚ್ಚಿ ಕೂರುತ್ತದೆ. ಮಧ್ಯಾಹ್ನ ಇಳಿದರೆ ಕಲ್ಲು ಕಾದ ಕಾವಲಿ. ಬ್ರಯಾನ್ ಹೆಲ್ಮತ್ ಮತ್ತು ಅವರ ಜೊತೆಗಾರರು ಅಮೆರಿಕದ ಪಡುಕರೆಯಲ್ಲಿ ಬಂಡೆಯ ಮೇಲಿನ ಪಚ್ಚಿಲೆ ಜಾತಿಯ ಮೈಬಿಸಿ ಎಷ್ಟಾಗುತ್ತದೆ ಎಂದು ಅಳೆದರು. ತೆಂಕಿನ ಕ್ಯಾಲಿಫೋರ್ನಿಯದಲ್ಲಿ ಜಾಸ್ತಿ, ಬಡಗಿನ ವಾಷಿಂಗ್ಟನ್‌ನಲ್ಲಿ ಕಮ್ಮಿ ಇರಬೇಕು ಎಂದು ಯಾರಾದರೂ ಹೇಳುತ್ತಾರೆ. ಹಾಗೆ ಇರಲಿಲ್ಲ. ಬಡಗಿನ ಕೆಲವು ಜಾಗಗಳು ತೆಂಕಿಗಿಂತ ಬಿಸಿಯಾಗಿದ್ದವು. ಅಲ್ಲಿ ಬೇಸಿಗೆಯ ದೊಡ್ಡ ಇಳಿತ ನಡುಹಗಲಿನ ಆಸುಪಾಸು ಬೀಳುತ್ತದೆ. ತೆಂಕಿನಲ್ಲಿ ರಾತ್ರಿ ಬೀಳುತ್ತದೆ. 2002ರ ಈ ಕೆಲಸ ಓದಿದ ಮೇಲೆ ನಕ್ಷೆ ನೋಡಿ "ಇದು ಬಿಸಿ ಊರು, ಅದು ತಂಪು ಊರು" ಎನ್ನುವುದನ್ನು ನಾನು ಬಿಟ್ಟೆ.

ನಮ್ಮ ಬಂಡೆಗೆ ಇದನ್ನು ಹಚ್ಚಿ ನೋಡಿ. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತ ಸಾಧಾರಣವಾಗಿ ಬೆಳಗಿನ ಜಾವ ಮತ್ತು ಸಂಜೆಯ ಆಸುಪಾಸು ಬೀಳುತ್ತದೆ. ನಡುಹಗಲಿಗೆ ನೀರು ಮೇಲೆ ಇರುತ್ತದೆ. ಇದು ಪಚ್ಚಿಲೆಗೆ ಒಂದು ರಕ್ಷಣೆ. ಅಷ್ಟಮಿಯ ದಿನಗಳಲ್ಲಿ ಲೆಕ್ಕ ತಿರುಗುತ್ತದೆ. ಆಗ ಇಳಿತ ನಡುಹಗಲಿನ ಕಡೆ ಸರಿಯುತ್ತದೆ. ನೀರು ಆಗ ತುಂಬ ಕೆಳಗೆ ಹೋಗುವುದಿಲ್ಲ, ಹಾಗಾಗಿ ತಳದವರಿಗೆ ಪರವಾಗಿಲ್ಲ. ಆದರೆ ಭರತವೂ ಚಿಕ್ಕದು. ಮೇಲಿನ ಪಟ್ಟಿಗೆ ಒಂದೆರಡು ದಿನ ನೀರೇ ಮುಟ್ಟದೆ ಹೋಗಬಹುದು. ಏಪ್ರಿಲ್‌ನಲ್ಲಿ, ಮಳೆ ಬರುವ ಮೊದಲು, ಗಾಳಿ ಸತ್ತ ಅಷ್ಟಮಿಯ ದಿನಗಳು ಮೇಲಿನ ಪಟ್ಟಿಯವರಿಗೆ ಅತಿ ಕಷ್ಟದ ದಿನಗಳು.

ಒಂದು ಏಪ್ರಿಲ್‌ನಲ್ಲಿ ಬೇಕಲದ ಬಳಿ ಪಚ್ಚಿಲೆ ಕಿತ್ತು ತರುತ್ತಿದ್ದವರೊಬ್ಬರನ್ನು ಕೇಳಿದ್ದೆ, "ಅಣ್ಣ, ಈ ಸಲ ಹೇಗೆ?"

"ಕೆಳಗೆ ಉಂಟು. ಮೇಲೆ ಇದ್ದದ್ದೆಲ್ಲ ಬಾಯಿ ಬಿಟ್ಟಿದೆ" ಎಂದರು.

ಬಾಯಿ ಬಿಡುವುದು ಎಂದರೆ ಸತ್ತು ಚಿಪ್ಪು ತೆರೆದುಕೊಳ್ಳುವುದು. ಯಾರೂ ಕಿತ್ತಿರಲಿಲ್ಲ. ಆದರೂ ಮೇಲಿನ ಒಂದು ಗೇಣು ಪಟ್ಟಿ ಖಾಲಿಯಾಗಿತ್ತು. ಇಂಥದ್ದು ದೊಡ್ಡ ಮಟ್ಟದಲ್ಲಿ ಆದರೆ ಏನಾಗುತ್ತದೆ ಎಂಬುದು 2021ರ ಜೂನ್ ಕೊನೆಯಲ್ಲಿ ಕೆನಡಾದ ಪಡುಕರೆಯಲ್ಲಿ ಕಂಡಿತು. ಕೆಲವು ದಿನಗಳ ಬಿಸಿಗಾಳಿಗೆ ವ್ಯಾಂಕೂವರ್ ಬಳಿ ಬಂಡೆಯ ಮೈ 50 ಡಿಗ್ರಿ ದಾಟಿತು. ಸತ್ತ ಕಡಲ ಜೀವಿಗಳ ಲೆಕ್ಕ ನೂರು ಕೋಟಿಗೂ ಜಾಸ್ತಿ ಇರಬಹುದು ಎಂದು ಅಲ್ಲಿನ ಜೀವಶಾಸ್ತ್ರಜ್ಞ ಕ್ರಿಸ್ಟೋಫರ್ ಹಾರ್ಲಿ ಅಂದಾಜು ಮಾಡಿದರು.

ಇಲ್ಲಿ ನಮ್ಮ ಕರಾವಳಿಯ ಒಂದು ವಿಶೇಷ ಗಮನಿಸಬೇಕು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಭರತ ಇಳಿತದ ಅಂತರ 10 ಮೀಟರ್ ಆಸುಪಾಸು. ಮುಂಬೈಯಲ್ಲಿ 4 ಮೀಟರ್ ದಾಟುತ್ತದೆ. ಮಂಗಳೂರು, ಕಾಸರಗೋಡಿಗೆ ಬಂದರೆ ಸುಮಾರು ಒಂದೂವರೆ ಮೀಟರ್. ಕೊಚ್ಚಿಯಲ್ಲಿ ಇನ್ನೂ ಕಮ್ಮಿ. ಹಾಗಾಗಿ ಗುಜರಾತಿನಲ್ಲಿ ನೂರಾರು ಮೀಟರ್ ಹರಡಿಕೊಳ್ಳುವ ಬದುಕು ನಮ್ಮಲ್ಲಿ ಒಂದಾಳು ಎತ್ತರದೊಳಗೆ ಮುಗಿಯಬೇಕು. ಒಂದು ಗೇಣು ಹೋದರೆ ಒಂದು ಜಾತಿಯ ಇಡೀ ಮನೆಯೇ ಹೋದ ಹಾಗೆ. ಅಲೆಯೂ ಇದರಲ್ಲಿ ಕೈಹಾಕುತ್ತದೆ. ಒಂದೇ ಬಂಡೆಯ ಕಡಲಿನ ಮಗ್ಗುಲಲ್ಲಿ ಪಟ್ಟಿಗಳು ಮೇಲೆ ಹತ್ತಿರುತ್ತವೆ, ನೆಲದ ಮಗ್ಗುಲಲ್ಲಿ ಕೆಳಗೆ ಇಳಿದಿರುತ್ತವೆ. ಅಲೆ ಎರಚುವ ನೀರೇ ಅಲ್ಲಿ ನೆರಳಿನ ಕೆಲಸ ಮಾಡುತ್ತದೆ. ನಮ್ಮ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ತೂತುಗಳೂ ಸಣ್ಣ ಉಪಕಾರವಲ್ಲ. ಇಳಿತದಲ್ಲೂ ಅವುಗಳಲ್ಲಿ ನೀರು ನಿಂತಿರುತ್ತದೆ.

ಇನ್ನು ನೀರು ಏನನ್ನು ಹೊತ್ತು ತರುತ್ತದೆ ಎಂಬ ಮಾತು. ಅಮೆರಿಕದ ಆರಿಗನ್ ಕರೆಯಲ್ಲಿ ಬಾಯ್ಲರ್ ಬೇ, ಸ್ಟ್ರಾಬೆರಿ ಹಿಲ್ ಎಂಬ ಎರಡು ಜಾಗಗಳಿವೆ. ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. ಭರತ ಇಳಿತ ಒಂದೇ ಥರ, ಜೀವಿಗಳೂ ಹೆಚ್ಚುಕಮ್ಮಿ ಅವೇ. ಆದರೂ ಒಂದು ಕಡೆ ಪಾಚಿ ಜಾಸ್ತಿ, ಇನ್ನೊಂದು ಕಡೆ ಪಚ್ಚಿಲೆ ಜಾತಿ, ಬಾರ್ನಕಲ್, ಅವನ್ನು ತಿನ್ನುವ ನಕ್ಷತ್ರಮೀನು ಜಾಸ್ತಿ. ಬ್ರೂಸ್ ಮೆಂಜ್ ಮತ್ತು ಜೊತೆಗಾರರು ವರ್ಷಗಟ್ಟಲೆ ನೋಡಿ ಹೇಳಿದ್ದು ಇದು. ಸ್ಟ್ರಾಬೆರಿ ಹಿಲ್ ಎದುರಿನ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಹೆಚ್ಚು. ಅದನ್ನು ಸೋಸಿ ತಿನ್ನುವವು ಅಲ್ಲಿ ಬೇಗ ಬೆಳೆಯುತ್ತವೆ. ಅವು ಬೆಳೆದರೆ ಅವನ್ನು ತಿನ್ನುವವರಿಗೂ ಹಬ್ಬ. ಬಂಡೆಯ ಮೇಲಿನ ಜಗಳದ ತೀರ್ಪು ನೀರಿನಲ್ಲೇ ಬರೆದಾಗಿತ್ತು.

ನಮಗೂ ಅಂಥ ಊಟ ಬಡಿಸುವ ಕಾಲ ಒಂದಿದೆ. ಅದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಯ ಬಳಿ ತಳದ ತಣ್ಣೀರು ಮೇಲಕ್ಕೆ ಏಳುತ್ತದೆ. ಕೇರಳದ ತೆಂಕುತುದಿಯಲ್ಲಿ ಶುರುವಾಗಿ ಬಡಗಿಗೆ ಹಬ್ಬುತ್ತಾ ಬರುತ್ತದೆ. ಬೇಸಿಗೆಯಲ್ಲಿ 30 ಡಿಗ್ರಿ ದಾಟಿದ್ದ ಮೇಲ್ನೀರು ತಂಪಾಗುತ್ತದೆ. ತಳದಿಂದ ಬಂದ ಗೊಬ್ಬರದ ಸತ್ವಕ್ಕೆ ಸೂಕ್ಷ್ಮ ಸಸ್ಯಗಳು ಉಕ್ಕುತ್ತವೆ. ಪಚ್ಚಿಲೆ ಮರಿ ಹಾಕಲು ಇದೇ ಕಾಲ ಹಿಡಿದುಕೊಂಡಿರುವುದು ಸುಮ್ನೆ ಅಲ್ಲ. ತೇಲುವ ಮರಿಗೂ ಅದೇ ಊಟ ಬೇಕು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಂಡೆಯ ಮೇಲೆ ಹಸಿರು ಮರಿಗಳು ಕಾಣತೊಡಗುತ್ತವೆ.

ಆದರೆ ಇದೇ ತಳದ ನೀರಿನಲ್ಲಿ ಆಮ್ಲಜನಕ ಕಮ್ಮಿ. ಮೇಲೆ ಮಳೆಯ ಸಿಹಿನೀರಿನ ಪದರ ಮುಚ್ಚಳದ ಹಾಗೆ ಕೂತರೆ ಗಾಳಿ ಬೆರೆಯುವುದೂ ಕಷ್ಟ. ಅದಕ್ಕೆ ನಮ್ಮ ನದಿಗಳನ್ನು ಸೇರಿಸಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ಇದು. ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ, ಮಂಜೇಶ್ವರ ಹೊಳೆಗಳೆಲ್ಲ ಜುಲೈಯಲ್ಲಿ ಕೆಂಪು ನೀರನ್ನು ಒಮ್ಮೆಗೇ ಕಡಲಿಗೆ ಸುರಿಯುತ್ತವೆ. ಅಳಿವೆಯ ಬಳಿಯ ಬಂಡೆ ವಾರಗಟ್ಟಲೆ ಉಪ್ಪು ಕಮ್ಮಿಯಾದ ನೀರಿನಲ್ಲಿ ಮುಳುಗುತ್ತದೆ. ಸಿಂಪಿ, ಬಾರ್ನಕಲ್‌ನ ಕೆಲವು ಜಾತಿಗಳು ಅದನ್ನು ತಾಳಿಕೊಳ್ಳುತ್ತವೆ. ಪಚ್ಚಿಲೆ ಸ್ವಲ್ಪ ಕಾಲ ಬಾಯಿ ಮುಚ್ಚಿ ಕೂರುತ್ತದೆ, ಆಮೇಲೆ ಸಾಯುತ್ತದೆ. ಕವ್ವಾಯಿ ಹಿನ್ನೀರಿನವರು ಮಳೆ ಹಿಡಿಯುವ ಮೊದಲೇ ಕೊಯ್ಲು ಮುಗಿಸುವುದು ಇದಕ್ಕೇ. ಅದೇ ಪಚ್ಚಿಲೆ ಅಳಿವೆಯಿಂದ ದೂರದ, ಅಲೆ ಹೊಡೆಯುವ ಬಂಡೆಯ ಮೇಲೆ ಮಳೆಗಾಲ ದಾಟಿ ಬದುಕುತ್ತದೆ. ಜೀವಿ ಒಂದೇ. ಒಂದು ಕಡೆ ಅದಕ್ಕೆ ಜೂನ್ ಎಂದರೆ ಕೊನೆ, ಇನ್ನೊಂದು ಕಡೆ ಜೂನ್ ಎಂದರೆ ಆರಂಭ.

ಈಗ ಬಿತ್ತಿನ ಪ್ರಶ್ನೆಗೆ ತಿರುಗಿ ಬರೋಣ. ಮರಿ ತೇಲುವ ತಿಂಗಳುಗಳಲ್ಲಿ ನೀರು ತೆಂಕಿಗೆ ಹರಿಯುತ್ತದೆ ಎಂದೆವು. ಹಾಗಾದರೆ ಬೇಕಲದ ಮರಿಗಳಲ್ಲಿ ಒಂದು ಪಾಲು ಬಡಗಿನ ಬಂಡೆಗಳಿಂದ, ಅಂದರೆ ಸೋಮೇಶ್ವರದ ರುದ್ರಪಾದೆಯಂಥ ಜಾಗಗಳಿಂದ ಬಂದಿರುವ ಸಾಧ್ಯತೆ ಇದೆ. ನಮ್ಮಲ್ಲಿ ಹುಟ್ಟಿದವು ಏಳಿಮಲೆ, ತಲಶ್ಶೇರಿ ಕಡೆಗೆ ಹೋಗಿರಬಹುದು. ಕರೆಗೆ ತೀರಾ ಹತ್ತಿರ ನೀರಿನ ವೇಗ ಕಮ್ಮಿ, ಮೂಲೆಗಳಲ್ಲಿ ಸುಳಿ ತಿರುಗಿ ಒಂದಿಷ್ಟು ಅಲ್ಲೇ ಉಳಿಯುತ್ತವೆ. ಆದರೂ ಇದು ಒಂದೊಂದು ಬಂಡೆಯ ಸ್ವಂತ ಲೆಕ್ಕವಲ್ಲ. ಉದ್ದ ಮರಳಿನ ನಡುವೆ ಅಲ್ಲೊಂದು ಇಲ್ಲೊಂದು ಇರುವ ಬಂಡೆಗಳು ಒಂದಕ್ಕೊಂದು ಮರಿ ಕೊಟ್ಟು ತೆಗೆದುಕೊಂಡು ಬದುಕುತ್ತವೆ. ಕೇರಳ, ಕರ್ನಾಟಕ ಸೇರುವ ತಲಪಾಡಿಯ ಗಡಿಯಿಂದ ಬಡಗಿಗೆ ಒಂದು ಬಂಡೆ ಬೋಳಾದರೆ ಅದರ ಪರಿಣಾಮ ಮುಂದಿನ ಅಕ್ಟೋಬರ್‌ನಲ್ಲಿ ತೆಂಕಿನ ಬಂಡೆಯಲ್ಲಿ ಕಾಣಬಹುದು. ಕರ್ನಾಟಕದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 1ರಿಂದ 61 ದಿನ, ಕೇರಳದಲ್ಲಿ ಸುಮಾರು ಹತ್ತು ದಿನ ತಡವಾಗಿ ಶುರುವಾಗಿ 52 ದಿನ. ಮೀನಿನ ನಿಯಮವೇ ಹೀಗೆ ಗಡಿಯಲ್ಲಿ ಮುರಿದಿರುವಾಗ, ಬಂಡೆಯ ಪಚ್ಚಿಲೆಯನ್ನು ಎರಡೂ ಕಡೆ ಸೇರಿಸಿ ಯೋಚಿಸುವುದು ಇನ್ನೂ ದೂರದ ಮಾತು. ಅದು ಆಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಳೆಗಾಲ ಬೇಗ ಬಂದರೆ, ತಡವಾದರೆ, ತಳದ ನೀರು ಏಳುವುದು ಜೋರಾದರೆ, ಹೊಳೆಯ ನೀರು ಒಮ್ಮೆಗೇ ಉಕ್ಕಿದರೆ, ಪ್ರತಿಯೊಂದೂ ಮರಿಗಳ ಲೆಕ್ಕವನ್ನು ಬದಲಿಸುತ್ತದೆ. ಇವೆಲ್ಲದರ ಮೇಲೆ ಸಮುದ್ರವೇ ಬಿಸಿಯಾಗುತ್ತಿದೆ. 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ನೀರು ಸರಾಸರಿ 1 ಡಿಗ್ರಿ ಏರಿದೆ ಎಂದು ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ತಂಪು ದೇಶಗಳ ಕರೆಯಲ್ಲಿ ಬಿಸಿ ಹೆಚ್ಚಾದರೆ ಜೀವಿಗಳು ಧ್ರುವದ ಕಡೆ ಸರಿಯುತ್ತವೆ. ನಮ್ಮಲ್ಲಿ ಹಾಗೆ ಬಡಗಿಗೆ ಸರಿದರೆ ಗುಜರಾತಿನಾಚೆ ನೆಲ ಅಡ್ಡ ಬರುತ್ತದೆ. ಅರಬ್ಬಿ ಸಮುದ್ರದ ಜೀವಿಗಳಿಗೆ ಓಡಲು ಅಷ್ಟು ಜಾಗವಿಲ್ಲ.

ಹೊಸ ಬಂಡೆಗಳನ್ನು ನಾವೇ ತಂದು ಹಾಕುತ್ತಿದ್ದೇವಲ್ಲ ಎಂದು ಕೇಳಬಹುದು. ಹೌದು. ಕಡಲ್ಕೊರೆತಕ್ಕೆ ತಡೆಗೋಡೆ, ಮೀನುಗಾರಿಕಾ ಬಂದರುಗಳಿಗೆ ಕಲ್ಲಿನ ದಂಡೆ. ಮರಳೇ ಇದ್ದ ಕಡೆ ಈಗ ಕಗ್ಗಲ್ಲು. ಮನೆ ಕಳೆದುಕೊಳ್ಳುವ ಭಯದಲ್ಲಿ ಮಲಗುವವರಿಗೆ ಗೋಡೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಗೋಡೆಯ ಕಲ್ಲು ಕಡಿದಾಗಿ ನಿಂತಿರುತ್ತದೆ, ಮೈ ನುಣುಪು, ಮುರಕಲ್ಲಿನ ತೂತುಗಳಿಲ್ಲ, ನೀರು ನಿಲ್ಲುವ ಗುಂಡಿಗಳಿಲ್ಲ. ಇಳಿಜಾರಿನಲ್ಲಿ ಹರಡುತ್ತಿದ್ದ ಪಟ್ಟಿಗಳು ಅಲ್ಲಿ ಇನ್ನಷ್ಟು ಕಿರಿದಾಗುತ್ತವೆ. ಸಮುದ್ರದ ಮಟ್ಟ ಏರಿದಾಗ ಸಹಜ ತೀರದಲ್ಲಿ ಜೀವಿಗಳು ಮೇಲೆ ಹತ್ತಬಹುದು. ಗೋಡೆ ಮುಗಿದ ಮೇಲೆ ರಸ್ತೆ. ಇಂಥ ಕಲ್ಲುಗಳ ಮೇಲೆ ಹೊರಗಿನಿಂದ ಬಂದವರು ಮೊದಲು ಬೇರೂರುವ ಅಪಾಯವೂ ಇದೆ. ಅಮೆರಿಕ ಖಂಡದ ಮೈಟೆಲ್ಲ ಸ್ಟ್ರಿಗಾಟ ಎಂಬ ಚಿಪ್ಪಿ ಈಗಾಗಲೇ ನಮ್ಮ ತೆಂಕಿಗಿರುವ ಅಷ್ಟಮುಡಿ, ವೇಂಬನಾಡು ಹಿನ್ನೀರುಗಳಲ್ಲಿ ನೆಲೆಯೂರಿದೆ. ಚಳಿಗಾಲದ ನೀರು ಬಡಗಿಗೆ ಹರಿಯುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಮಾಡಬೇಕಾದ ಕೆಲಸ ದೊಡ್ಡ ಖರ್ಚಿನದ್ದಲ್ಲ. ತೆಂಗಿನ ಬಗ್ಗೆ ಕಾಸರಗೋಡಿನಲ್ಲಿ 1916ರಿಂದ ಸಂಶೋಧನೆ ನಡೆಯುತ್ತಿದೆ. ಒಂದು ಮರವನ್ನು ವರ್ಷಗಟ್ಟಲೆ ಬಿಡದೆ ನೋಡುವುದು ಹೇಗೆ ಎಂದು ಈ ಊರಿಗೆ ಗೊತ್ತು. ಬಂಡೆಗೂ ಅಂಥದ್ದೇ ನೋಟ ಬೇಕು. ಅಮೆರಿಕದಲ್ಲಿ ಚಿಪ್ಪಿಯ ಗಾತ್ರದ, ಬಂಡೆಗೆ ಅಂಟಿಸಿಡುವ ತಾಪಮಾಪಕ ಬಳಸಿದರು. ಅದು ಹತ್ತು ನಿಮಿಷಕ್ಕೊಮ್ಮೆ ಬಿಸಿ ದಾಖಲಿಸುತ್ತದೆ, ಗಾಳಿಯ ಬಿಸಿಯಲ್ಲ, ಚಿಪ್ಪಿಯ ಒಳಗಿನ ಬಿಸಿ. ಬೇಕಲದಲ್ಲಿ ಮೇಲೊಂದು, ನಡುವೆ ಒಂದು, ಕೆಳಗೊಂದು ಇಟ್ಟರೆ ಸಾಕು. ಸೋಮೇಶ್ವರದಲ್ಲಿ ಮೂರು, ಏಳಿಮಲೆಯಲ್ಲಿ ಮೂರು. ಭರತ ಇಳಿತದ ಮುನ್ಸೂಚನೆ ಸಾಗರ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ ಸಿಗುತ್ತದೆ. ಹತ್ತಿರದ ಕಾಲೇಜಿನ ಮಕ್ಕಳು ಪ್ರತಿ ಅಮಾವಾಸ್ಯೆಗೆ ಒಂದು ಚೌಕಟ್ಟು ಇಟ್ಟು ಅದರೊಳಗಿನ ಮರಿಗಳನ್ನು ಎಣಿಸಬಹುದು. ಪಚ್ಚಿಲೆ ಕೀಳುವವರು ಎಷ್ಟು ಕಿತ್ತರು, ಎಷ್ಟು ಬಾಯಿ ಬಿಟ್ಟಿದ್ದು ಕಂಡರು ಎಂದು ಅದೇ ಪುಸ್ತಕದಲ್ಲಿ ಬರೆಸಬೇಕು. ಅವರಷ್ಟು ಹತ್ತಿರದಿಂದ ಆ ಬಂಡೆಯನ್ನು ನೋಡುವವರು ಬೇರೆ ಯಾರೂ ಇಲ್ಲ.

ಹಾಗೆ ನಾಲ್ಕೈದು ಮಳೆಗಾಲ ಬರೆದಿಟ್ಟರೆ, ಪಡನ್ನದ ಹೆಂಗಸರು ಹಗ್ಗ ಖರೀದಿಸುವ ಮೊದಲೇ, ಆಗಸ್ಟ್ ಕೊನೆಗೇ, ಈ ವರ್ಷ ಬಿತ್ತು ಸಿಗುತ್ತಾ ಇಲ್ವಾ ಎಂದು ಅವರಿಗೆ ಹೇಳಲು ಶುರುಮಾಡಬಹುದು.